ಗಂಟುಗಟ್ಟಿದ ಕೇಸರಿಬಾತು

ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ಮೂರು ವರ್ಷದಿಂದ ಮನೆಗೇ ಬಾರದವರನ್ನು ಮನೆಯವರು ಎನ್ನುತ್ತಾಳಲ್ಲ ಎಂದು ನಗಬೇಡಿ. ಬೇರೆ ಥರ ಕರೆದು ನನಗೆ ಅಭ್ಯಾಸವಿಲ್ಲ. ನಿಮ್ಮ ಫೋನ್ ನಂಬರು ಬದಲಾಗಿದೆ, ಪ್ರೆಸ್ಸಿನ ವಿಳಾಸವೊಂದೇ ನನಗೆ ಗೊತ್ತಿರುವುದು. ಅತ್ತೆಗೆ ತೀರಾ ಹುಷಾರಿಲ್ಲ. ಹೆಚ್ಚೆಂದರೆ ಒಂದು ವಾರ ಎಂದಿದ್ದಾರೆ ಡಾಕ್ಟರು. ಹೊರಟು ಬಂದುಬಿಡಿ.

ನಮ್ಮಿಬ್ಬರ ಜಗಳದಲ್ಲಿ ಅತ್ತೆ ನನ್ನ ಪರ ನಿಂತರು. "ಹೆಂಡ್ತಿ ಬಿಟ್ಟು ಹೋಗೋನು ನನ್ನ ಮುಖ ನೋಡಬೇಡ" ಎಂದು ಬಾಗಿಲಲ್ಲಿ ನಿಂತು ಕೂಗಿದರು. ಆ ಮಾತು ನಿಮಗಿನ್ನೂ ಚುಚ್ಚುತ್ತಿರಬೇಕು. ಆದರೆ ಹೆತ್ತ ಕರುಳು ರೀ. ನೀವು ಹೋದ ಮೇಲೆ ಎರಡು ತಿಂಗಳು ಅವರು ಸರಿಯಾಗಿ ಊಟ ಮಾಡಲಿಲ್ಲ. ಜಗಳದಲ್ಲಿ ನನ್ನ ತಪ್ಪೂ ಇತ್ತು. ನನ್ನಿಂದಾಗಿ ಮಗನನ್ನು ಕಳೆದುಕೊಂಡರಲ್ಲ ಎನ್ನಿಸುತ್ತಿತ್ತು. ಒಂದು ಭಾನುವಾರ ಕೇಸರಿಬಾತು ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, "ನಿಮ್ಮ ಮಗ ತಾವೇ ಮಾಡಿ ಬಸ್ಸಲ್ಲಿ ಕೊಟ್ಟು ಕಳಿಸಿದಾರೆ" ಎಂದು ಮುಂದಿಟ್ಟೆ. ಹೌದು, ಶುದ್ಧ ಸುಳ್ಳು.

ಅತ್ತೆ ಒಂದು ಚಮಚ ಬಾಯಿಗಿಟ್ಟು ಡಬ್ಬಿ ಸರಿಸಿದರು. "ಅವನು ಮಾಡಿದ್ದಾ? ಒಂದು ಗಂಟೂ ಇಲ್ವಲ್ಲೇ!"

ಹಾಸ್ಟೆಲಿನಲ್ಲಿ ದಿನಾ ನೂರೈವತ್ತು ಜನಕ್ಕೆ ಬೇಯಿಸುವವಳು ನಾನು. ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿದು, ಕುದಿನೀರನ್ನು ಸಣ್ಣಗೆ ಬಿಡುತ್ತಾ ಕೈಯಾಡಿಸುತ್ತೇನೆ. ನನ್ನ ಕೈಯಲ್ಲಿ ಗಂಟು ಬಂದರೆ ಮಾನ ಹೋದಂತೆ. ನಿಮ್ಮ ಪದ್ಧತಿ ಗೊತ್ತಲ್ಲ: ಹುರಿಯದ ರವೆಯನ್ನು ಒಂದೇ ಸಲ ನೀರಿಗೆ ಸುರಿದು, ಆಮೇಲೆ ಸೌಟು ಹುಡುಕುವುದು. ನಾನು ನಗುತ್ತಿದ್ದೆ, ನೀವು ಸಿಡುಕುತ್ತಿದ್ದಿರಿ. ಅತ್ತೆ ಮಾತ್ರ ಗಂಟುಗಳನ್ನೇ ಆರಿಸಿ ಆರಿಸಿ ತಿನ್ನುತ್ತಿದ್ದರು.

ಮುಂದಿನ ತಿಂಗಳು ನಾನೂ ಹಾಗೇ ಸುರಿದೆ. ಅಯ್ಯೋ, ಕೈ ಸುಮ್ಮನಿರಬೇಕಲ್ಲ! ತಾನಾಗಿಯೇ ಸೌಟಿನ ಕಡೆಗೆ ಹೋಗುತ್ತಿತ್ತು. ಕೈಕಟ್ಟಿ ನಿಂತೆ. ಅತ್ತೆ ಡಬ್ಬಿ ಪೂರ್ತಿ ಖಾಲಿ ಮಾಡಿ, "ಇದು ನೋಡು ನನ್ನ ಮಗಂದು" ಎಂದು ಕಣ್ಣೊರೆಸಿಕೊಂಡರು. ಅಂದಿನಿಂದ ತಿಂಗಳಿಗೊಂದು ಡಬ್ಬಿ. ಚೆನ್ನಾಗಿದ್ದಾರಂತೆ, ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿಯಂತೆ, ಮುಂದಿನ ತಿಂಗಳು ಬರುತ್ತಾರಂತೆ ಎಂದು ಒಂದು ಸುಳ್ಳಿನ ಹಿಂದೆ ಹತ್ತು ಸುಳ್ಳು ಹೇಳಿದೆ. ಎಲ್ಲಾ ಅತ್ತೆಗೋಸ್ಕರ ಎಂದರೆ ಅದೂ ಸುಳ್ಳೇ. ಡಬ್ಬಿ ತೆರೆದಾಗ ನೀವು ಒಳಕೋಣೆಯಲ್ಲೇ ಇದ್ದೀರೇನೋ ಎಂದು ನನಗೂ ಅನ್ನಿಸುತ್ತಿತ್ತು.

ನಿನ್ನೆ ಎರಡೇ ಚಮಚ ತಿಂದರು. "ಡಬ್ಬಿ ಕಳಿಸೋಕೆ ಪುರುಸೊತ್ತಿದೆ, ಬರೋಕೆ ಇಲ್ವಂತಾ?" ಎಂದು ಕೇಳಿದರು. ನಾನು ಡಬ್ಬಿಗೆ ಮುಚ್ಚಳ ಹಾಕಿ ಒಳಗೆ ತೆಗೆದುಕೊಂಡು ಹೋದೆ.

ನನ್ನ ಜೊತೆ ಮಾತಾಡಬೇಕಾಗಿಲ್ಲ. ನಾನು ಹಾಸ್ಟೆಲಿಗೆ ಹೋದ ಹೊತ್ತಿನಲ್ಲೇ ಬನ್ನಿ, ಪಕ್ಕದ ಮನೆಯ ದರ್ಜಿಯ ಹೆಂಡತಿ ಬಾಗಿಲು ತೆಗೆಯುತ್ತಾರೆ. ಅಮ್ಮನ ಕೈ ಹಿಡಿದು ಒಂದು ಗಳಿಗೆ ಕೂತು ಹೋಗಿ, ಸಾಕು.

ಇಂತಿ,
ನಿಮ್ಮ ಅಮ್ಮನ ಸೊಸೆ

ತಾ.ಕ.: ಇವತ್ತು ಗುರುವಾರ. ಮೊನ್ನೆ ಇದನ್ನು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಕರೆದರು. ಆಮೇಲೆ ಅವರ ಪಕ್ಕದಿಂದ ಏಳಲಾಗಲಿಲ್ಲ. ನಿನ್ನೆ ಬೆಳಿಗ್ಗೆ ತೀರಿಕೊಂಡರು. ಇನ್ನು ನೀವು ಅವಸರ ಮಾಡಬೇಕಾಗಿಲ್ಲ.

ಅಂದು ಕರೆದು ನನ್ನ ಕೈ ಹಿಡಿದುಕೊಂಡು, "ಪಾಪ, ಮೂರು ವರ್ಷ ಕಷ್ಟಪಟ್ಟು ಕೆಡಿಸಿದೆಯಲ್ಲೇ. ನಂಗೊತ್ತಿಲ್ಲ ಅಂದ್ಕೊಂಡ್ಯಾ? ಅವನು ಬಂದ್ರೆ ಹೇಳ್ಬೇಡ. 'ನೀವೇ ಕಳಿಸಿದ್ದು ಅಂತ ನಂಬ್ಕೊಂಡೇ ಹೋದ್ರು' ಅನ್ನು. ಇಲ್ದಿದ್ರೆ ನೊಂದ್ಕೋತಾನೆ" ಎಂದರು. ಆಗಲಿ ಅತ್ತೆ ಎಂದು ತಲೆಯಾಡಿಸಿದ್ದೆ. ಕ್ಷಮಿಸಿ, ಇದೊಂದು ಸುಳ್ಳು ಮಾತ್ರ ನನ್ನ ಕೈಲಿ ಆಗಲಿಲ್ಲ.