ಪೆಟ್ರೋಲಿಗೆ ಬೆರೆಸಿದ ಎಣ್ಣೆ

ಕೊಣ್ಣೂರು,
೨೮ ಅಕ್ಟೋಬರ್ ೧೯೫೭

ಚಿರಂಜೀವಿ ಸೌಭಾಗ್ಯವತಿ ಸುಶೀಲವ್ವಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ನಾನೂ ನಿನ್ನವ್ವನೂ ಹೇಗೋ ಇದ್ದೇವೆ. ಗಜೇಂದ್ರಗಡದಲ್ಲಿ ನೀವೆಲ್ಲ ಚಲೋ ಇದ್ದೀರಿ ಅಂದುಕೊಂಡಿದ್ದೇನೆ. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆದು ಬರೆದು ಹರಿದೆ. ಸಿಟ್ಟಿನಲ್ಲಿ ಬರೆದದ್ದನ್ನು ಮಗಳ ಮನೆಗೆ ಕಳಿಸಬಾರದು ಅಂತ ನಿನ್ನವ್ವ ಅಂದಳು. ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಕಳಿಸುತ್ತಿದ್ದೇನೆ.

ಕರೀ ಎಮ್ಮೆ ಈದಿದೆ, ಹೆಣ್ಣುಗರು. ನಿನ್ನವ್ವನ ಮೊಣಕಾಲು ಬಾತಿದೆ. ಔಷಧ ತಂದುಕೊಟ್ಟರೆ ಗೂಡಿನಲ್ಲಿ ಇಟ್ಟು ಸುಮ್ಮನಾಗುತ್ತಾಳೆ. ಅಷ್ಟೇ ಮನೆಯ ಸುದ್ದಿ.

ಇನ್ನು ದೋಣಿಯ ಇಂಜಿನ್ನಿನ ಮಾತು. ನಿನಗೆ ಯಾರ್ಯಾರು ಏನೇನು ಹೇಳಿದ್ದಾರೋ, ನನ್ನ ಬಾಯಿಂದಲೂ ಒಮ್ಮೆ ಕೇಳು. ಹೊಳೆ ಏರಿದರೆ ದಾರಿ ಮುಚ್ಚುತ್ತದೆ, ಆಚೆ ದಂಡೆಯ ಮಾಲು ಅಲ್ಲೇ ಕೊಳೆಯುತ್ತದೆ ಎಂದು ನಾನೂ ನಿನ್ನ ಗಂಡನೂ ಕೂಡಿ ಮುಂಬೈಯ ಯುದ್ಧದ ಸರಕಿನ ಹರಾಜಿನಲ್ಲಿ ಅದನ್ನು ತಂದದ್ದು. ದೋಣಿಯ ಹಿಂದೆ ಕಟ್ಟುವ ಆ ಯಂತ್ರವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ರಿಪೇರಿಗೆಂದು ಒಮ್ಮೆಯೂ ಹುಬ್ಬಳ್ಳಿಗೆ ಹೊತ್ತವನಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ತಂದು, ತಿಳಿನೀರಿನ ಪೀಪಾಯಿಯಲ್ಲಿ ಇಳಿಬಿಟ್ಟು ಓಡಿಸಿ, ಒಳಗೆ ಹೊಕ್ಕ ಹೊಳೆಯ ಉಸುಕು ತೊಳೆಯುತ್ತಿದ್ದೆ. ಪ್ಲಗ್ ಬಿಚ್ಚಿ ಮಸಿ ಕೆರೆಯುತ್ತಿದ್ದೆ. ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿದು ಬದಲಿಸುತ್ತಿದ್ದೆ. ಪೆಟ್ರೋಲನ್ನು ಹಳೇ ಧೋತರದಲ್ಲಿ ಸೋಸಿ, ಅಳೆದು ಇಂಜಿನ್ ಎಣ್ಣೆ ಬೆರೆಸುತ್ತಿದ್ದೆ. ಲಾರಿಯ ಇಂಜಿನ್ನಿಗೆ ಎಣ್ಣೆ ಹಾಕಲು ಬೇರೆ ಜಾಗವಿದೆ. ಇದಕ್ಕಿಲ್ಲ, ಪೆಟ್ರೋಲಿನ ಜೊತೆಗೇ ಹೋಗಬೇಕು. ಹೋಗದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಸುಟ್ಟುಹೋಗುತ್ತದೆ.

ಮಹಾನವಮಿಗೆ ಬಂದಾಗ ನಮ್ಮ ಅಳಿಯಂದಿರು, ಅಂದಾನೆಪ್ಪನವರು, ಪೆಟ್ರೋಲಿನ ಡಬ್ಬಿ ಮೂಸಿ ನೋಡಿದರು. ಕುಸುಬೆ ಎಣ್ಣೆಯ ಅಂಗಡಿಯಲ್ಲಿ ಬೆಳೆದ ಮೂಗು, ಬೆರಕೆ ಕೂಡಲೇ ಹತ್ತಿತು.

"ಮಾವಾರ, ಕುಸುಬಿ ಎಣ್ಣ್ಯಾಗ ಶೇಂಗಾ ಎಣ್ಣಿ ಬೆರಸಿದ ಆಳನ್ನ ನಾವು ಅಂಗಡ್ಯಾಗ ನಿಲ್ಲಗೊಡಂಗಿಲ್ಲ. ನೀವು ನೋಡಿದ್ರ ಪೆಟ್ರೋಲಿಗೇ ಕೈ ಹಚ್ಚೀರಿ" ಎಂದರು.

ತಿಳಿಸಿ ಹೇಳಿದೆ, ನಕ್ಕರು. ಎಣ್ಣೆ ಬೆರೆಸಿ ಉಳಿಸಿದ ಪೆಟ್ರೋಲನ್ನು ನಾನು ನರಗುಂದದ ಲಾರಿಯವರಿಗೆ ಮಾರುತ್ತೇನೆ ಎಂದು ನಮ್ಮೂರ ಕಟ್ಟೆಯ ಮೇಲೇ ಕೂತು ಹೇಳಿದರು. ಮಗಳನ್ನು ಕೊಟ್ಟ ಮನೆ, ನುಂಗಿಕೊಂಡೆ. ಡಬ್ಬಿಗೆ ಬೀಗ ಹಾಕಿ, ಕೀಲಿಯನ್ನು ತಮ್ಮ ಆಳು ಹುಚ್ಚಪ್ಪನ ಕೈಗೆ ಕೊಟ್ಟು ಹೋದರು.

ಅವರು ಹೇಳಿದಂತೆ ಹುಚ್ಚಪ್ಪ ಬರೇ ಪೆಟ್ರೋಲು ಹಾಕಿದ. ನಡುಹೊಳೆಯಲ್ಲಿ ಇಂಜಿನ್ನು ಕಿರ್ರೆಂದು ಚೀರಿ ನಿಂತಿತು. ದೋಣಿ ಸೆಳವಿಗೆ ಸಿಕ್ಕು ದಂಡೆಯ ಜಾಲಿಗಿಡಕ್ಕೆ ಬಡಿಯಿತು. ಶೇಂಗಾ ಚೀಲಗಳು ಹೊಳೆಪಾಲಾದವು. ಪಾಪ, ಹುಚ್ಚಪ್ಪ ತೋಳು ಮುರಿದುಕೊಂಡು ನರಗುಂದದ ದವಾಖಾನೆಯಲ್ಲಿ ಮಲಗಿದ್ದಾನೆ.

ನಾನು ಇಂಜಿನ್ನು ಬಿಚ್ಚಿದೆ. ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿದಿತ್ತು. ಎಣ್ಣೆಯಿಲ್ಲದೆ ಹೀಗಾಯಿತು ಎಂದು ಎಲ್ಲರಿಗೂ ತೋರಿಸಿದೆ. ಸುದ್ದಿ ತಿಳಿದು ಬಂದ ಅಳಿಯಂದಿರು ಏನಂದರು ಗೊತ್ತೇ? "ನಿಮ್ಮ ಕಲಬೆರಕಿ ಮೊದಲೇ ಅದರ ಹೊಟ್ಟಿ ಕೆಡಿಸಿತ್ತು. ಚೊಕ್ಕ ಪೆಟ್ರೋಲು ಅದಕ್ಕ ಹ್ಯಾಂಗ ದಕ್ಕೀತು?"

ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ಚೊಕ್ಕ ವಸ್ತು ಹಾಕಿ ಇಂಜಿನ್ನು ಕೆಟ್ಟಿತು ಅಂದರೆ ಯಾರು ನಂಬಿಯಾರು? ಈಗ ನಾನು ಹೋಟೆಲಿನ ಮುಂದೆ ಹಾದರೆ ಮಾತು ನಿಲ್ಲುತ್ತದೆ. ಈ ವಯಸ್ಸಿನಲ್ಲಿ ಕಳ್ಳ ಅನ್ನಿಸಿಕೊಂಡೆ, ಅದೂ ಅಳಿಯನ ಬಾಯಿಂದ. ದೋಣಿ ಹೋಗಲಿ, ಇಂಜಿನ್ನು ಹೋಗಲಿ. ನನಗೆ ನನ್ನ ಹೆಸರು ಬೇಕಾಗಿತ್ತು.

ನಿನ್ನ ಅತ್ತೆಯವರಿಗೆ ನನ್ನ ಶರಣು ತಿಳಿಸು. ಅಳಿಯಂದಿರಿಗೆ ಏನು ತಿಳಿಸಬೇಕೋ ನನಗೆ ತೋಚುತ್ತಿಲ್ಲ. ಮಕ್ಕಳು ಮರಿ, ಹಾಲು ಹೈನು ತುಂಬಿ ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಈಶಪ್ಪ

ತಾ.ಕ.: ನಮ್ಮೂರ ಹಿರಿಯರಾದ ಗುರುಸಂಗಪ್ಪನವರು ಖರೇ ಏನೆಂದು ಕೇಳಲು ನಿನ್ನ ಹತ್ತಿರ ಬಂದಿದ್ದರಲ್ಲ, ಅವರನ್ನು ಕಳಿಸಿದವನು ನಾನೇ. "ನನ್ನ ಮಗಳನ್ನ ಕೇಳ್ರಿ, ಆಕಿ ಹೇಳಿದ್ದೇ ಖರೇ" ಅಂದಿದ್ದೆ. ಅಪ್ಪ ಎಣ್ಣೆ ಬೆರೆಸುತ್ತಿದ್ದರೇ ಎಂದು ಕೇಳಿದರೆ ಹೌದು ಅಂದೆಯಂತೆ. ಯಾಕೆ ಎಂದು ಕೇಳಿದರೆ ಗಂಡನ ಮುಖ ನೋಡಿ, "ನನಗ ಗೊತ್ತಿಲ್ರಿ" ಅಂದೆಯಂತೆ. ಪಂಚಮಿಗೆ ಬಂದಾಗ, ನನ್ನ ಕಣ್ಣಿಗೆ ಅಳತೆಯ ಗೆರೆ ಕಾಣುವುದಿಲ್ಲವೆಂದು ನೀನೇ ಎಣ್ಣೆ ಅಳೆದು ಹಾಕಿದ್ದೆ, ಸುಶೀಲಾ. "ಕಡಿಮಿ ಆದ್ರ ಇಂಜಿನ್ನು ಸುಡತೈತಿ ಅಪ್ಪಾ" ಎಂದು ಇನ್ನಷ್ಟು ಹಾಕಿದವಳೂ ನೀನೇ. ನೀನು ಆ ಮನೆಯಲ್ಲಿ ಬಾಳಬೇಕು, ನನಗೆ ತಿಳಿಯದ್ದಲ್ಲ. ಮಗಳ ಮಾತು ಸುಳ್ಳೇ ಎಂದು ಗುರುಸಂಗಪ್ಪನವರು ಊರಿಗೆ ಮರಳಿ ಎಲ್ಲರ ಮುಂದೆ ನನ್ನನ್ನು ಕೇಳಿದರು. ನನ್ನ ಮಗಳು ಸುಳ್ಳು ಹೇಳುವವಳಲ್ಲ, ಪೆಟ್ರೋಲು ಕದ್ದವನು ನಾನೇ ಎಂದು ಒಪ್ಪಿಕೊಂಡು ಬಂದೆ.