ಉಡಕ್ಕೆ ಹಾಲನ್ನ

ಫೆಬ್ರವರಿ ೧೧, ಮಂಗಳವಾರ

ಉಡ ಇವತ್ತೂ ಭೇದಿ ಮಾಡಿಕೊಂಡಿದೆ. ಟಿಲ್ಲರಿಗೆ ಸಿಕ್ಕಿ ಕಾಲು ಮುರಿದುಕೊಂಡ ಅದನ್ನು ಹೊಗೆಸೊಪ್ಪು ಒಣಗಿಸುವ ಖಾಲಿ ಬ್ಯಾರನ್ನಿನಲ್ಲಿ ಯಾರಿಗೂ ಹೇಳದೆ ಸಾಕುತ್ತಿದ್ದೇನೆ.

ಹೊಟ್ಟೆಯಲ್ಲಿ ಹುಳವಿರಬೇಕೆಂದು ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಪಶುವೈದ್ಯರಿಗೆ ಮಾತ್ರ ವಿಷಯ ಹೇಳಿ ತೋರಿಸಿದೆ.

"ಹುಳ ಇಲ್ಲ ಕಣಮ್ಮ. ಏನು ತಿನ್ನಿಸ್ತಿದ್ದೀರಿ?"

"ಹಾಲನ್ನ, ಸಾರ್."

ಅವರು ತಲೆ ಚಚ್ಚಿಕೊಂಡರು. "ಅದೇನು ನಿಮ್ಮನೆ ಮಗೂನಾ? ಮೊಟ್ಟೆ ಕೊಡಿ. ಬೇಗ ಫಾರೆಸ್ಟ್‌ನೋರಿಗೆ ಒಪ್ಸಿ."

ಲಿಂಗ ಕಟ್ಟಿದ ಮನೆ ನಮ್ಮದು. ಮೊಟ್ಟೆ ಹೊಸ್ತಿಲು ದಾಟಿದ್ದೇ ಇಲ್ಲ. ಸಂಜೆ ಧೈರ್ಯ ಮಾಡಿ ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ.

"ನಾನೂವೆ ದಿನಾ ಕದ್ದು ಅದ್ಕೆ ಹಾಲು ಉಯ್ದು ಬತ್ತಿದ್ದೆ ಕಣವ್ವ" ಎಂದು ಹಣೆ ಹಿಡಿದು ಕುಳಿತರು.

ಬೆಳಗಾದರೆ ಕೋಳಿ ಸಾಕಿರುವ ಪಕ್ಕದ ಪುಟ್ಟತಾಯಮ್ಮನ ಮನೆಗೆ ಅವರೇ ಹೋಗುತ್ತಾರಂತೆ. ಮೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಾರಂತೆ. ಅಲ್ಲಿಯವರೆಗೆ ಉಡ ಉಳಿದಿದ್ದರೆ ಸಾಕು.