ಉತ್ತರ ಬಾರದ ಅರ್ಜಿ

ಬುಧವಾರ, ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯೋ ಗುಂಡಾ? ಹಾಸ್ಟೆಲಿನ ಊಟ ತಿಂದು ಆ ಹೆಸರಿಗೆ ತಕ್ಕ ಮೈ ಉಳಿದಿರಲಾರದು, ಆದರೂ ನನಗೆ ನೀನು ಗುಂಡನೇ. ನಿನ್ನ ಕಾಗದ ಬಂದು ನಲವತ್ತು ದಿನವಾಯಿತು. ಕೆಲಸ ಹೆಚ್ಚಿತ್ತು, ಜ್ವರ ಬಂದಿತ್ತು ಎಂದೆಲ್ಲ ಬರೆಯಬಹುದು. ಎರಡೂ ಸುಳ್ಳು. ಪೆನ್ನು ಹಿಡಿದು ಕೂತರೆ ಕೈ ಓಡುತ್ತಿರಲಿಲ್ಲ, ಅಷ್ಟೇ. ಕ್ಷಮಿಸು.

ಅಪ್ಪ ಚೆನ್ನಾಗಿದ್ದಾರೆ. ಕಣ್ಣು ಮಾತ್ರ ಮಂಜು, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾರೆ. ನೀನು ಕಾಲೇಜು ಬಿಡುತ್ತೇನೆಂದು ಬರೆದದ್ದನ್ನು ಓದಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕತ್ತರಿ ಕೆಳಗಿಟ್ಟು, "ಬರ್ಲಿ ಬಿಡು, ಅವನಿಗೂ ಒಂದು ಮಿಷನ್ ಇದ್ಯಲ್ಲ," ಅಂದರು. ಅಮ್ಮ ಹೋದ ಮೇಲೆ ಯಾರೂ ಮುಟ್ಟದ ಅವಳ ಹೊಲಿಗೆ ಯಂತ್ರವನ್ನು ಮರುದಿನವೇ ಒರೆಸಿ ಎಣ್ಣೆ ಬಿಟ್ಟರು. ಅದರ ಸದ್ದು ಕೇಳಿ ನಾನು ಎದ್ದು ಹಿತ್ತಲಿಗೆ ಹೋದೆ. ಅಮ್ಮ ಅಷ್ಟು ವರ್ಷ ಬೆನ್ನು ಬಗ್ಗಿಸಿದ್ದು ನೀನು ಮತ್ತೆ ಅಲ್ಲೇ ಕೂರಲಿ ಎಂದಲ್ಲ.

ನಮ್ಮ ಕಚೇರಿಯ ಇಂಟರ್ನ್‌ಶಿಪ್‌ಗೆ ನನಗೇ ಹೇಳದೆ ಅರ್ಜಿ ಹಾಕಿದ್ದೆಯಲ್ಲ, ಆಯ್ಕೆಯಾದ ಮೇಲೆ ಒಮ್ಮೆಲೇ ನನ್ನ ಮುಂದೆ ಬಂದು ನಿಲ್ಲಬೇಕೆಂದು. ಮೂರು ತಿಂಗಳು ಕಾದರೂ ಇಲ್ಲ ಅನ್ನುವ ಉತ್ತರವೂ ಬರಲಿಲ್ಲ. "ಬೇಡ ಅನ್ನಿಸ್ಕೊಳ್ಳೋಕೂ ಲಾಯಕ್ಕಿಲ್ದೋನು ನಾನು. ಓದಿ ಯಾರನ್ನ ಉದ್ಧಾರ ಮಾಡ್ಲಿ?" ಎಂಬ ನಿನ್ನ ಸಾಲು ನನಗೆ ಬಾಯಿಪಾಠವಾಗಿದೆ.

ಆಯ್ಕೆಯಾದ ನಾಲ್ವರು ಈಗ ನಮ್ಮ ಕಿಟಕಿಯ ಬಳಿ ಕೂರುತ್ತಾರೆ. ಅವರೇನೂ ಆಕಾಶದಿಂದ ಇಳಿದವರಲ್ಲ. ಒಬ್ಬ ಬೆಳಗಿನಿಂದ ಸಂಜೆವರೆಗೆ ಜೆರಾಕ್ಸ್ ಮಾಡುತ್ತಾನೆ. ಇನ್ನೊಬ್ಬ ಕುರ್ಚಿಗಳಿಗೆಲ್ಲ ನಂಬರು ಬರೆದು ಮುಗಿಸಿ ಈಗ ಮೇಜುಗಳಿಗೆ ಬಡ್ತಿ ಪಡೆದಿದ್ದಾನೆ. ಇದನ್ನು ನಿನ್ನನ್ನು ನಗಿಸಲು ಬರೆದೆ. ನಿಜ ಹೇಳಬೇಕೆಂದರೆ ಅವರಲ್ಲಿ ಒಬ್ಬಳು ಹುಡುಗಿ ನೀರಿನ ದೂರುಗಳನ್ನು ಹಿಡಿದು ಬೀದಿ ಬೀದಿ ಸುತ್ತಿ ಟಿಪ್ಪಣಿ ಬರೆದಳು, ಸಾಹೇಬರು ಒಂದಕ್ಷರ ತಿದ್ದದೆ ಸಹಿ ಹಾಕಿದರು. ಅವಳನ್ನು ಕಂಡಾಗಲೆಲ್ಲ ನೀನು ನೆನಪಾಗುತ್ತೀಯ.

ನಿನಗೆ ಇನ್ನೂ ಒಂದು ವರ್ಷ ಓದು ಇದೆ. ವಿದ್ಯಾರ್ಥಿಗಳ ಅರ್ಜಿ ಮಾತ್ರ ತೆಗೆದುಕೊಳ್ಳುತ್ತಾರೆ. ಕಾಲೇಜು ಬಿಟ್ಟೆಯೋ, ಆ ಬಾಗಿಲು ಮುಚ್ಚಿತು. ನಮ್ಮದೊಂದೇ ಕಚೇರಿಯಲ್ಲ ಮಾರಾಯ. ನಗರಸಭೆ, ಗ್ರಂಥಾಲಯ, ಆರೋಗ್ಯ ಇಲಾಖೆ, ಎಲ್ಲ ಕಡೆಯೂ ಹುಡುಗರು ಬೇಕು. ನೋಟಿಸ್ ಬೋರ್ಡ್ ನೋಡುತ್ತಾ ಕೂರಬೇಡ, ಅಲ್ಲಿಗೆ ಬರುವ ಹೊತ್ತಿಗೆ ಕೊನೆಯ ದಿನ ಕಳೆದಿರುತ್ತದೆ. ನೀನೇ ಹೋಗಿ ಕೇಳು. ಸೋಮವಾರ ಬೇಡ, ಅಂದು ಎಲ್ಲರೂ ಮುಖ ಗಂಟು ಹಾಕಿಕೊಂಡಿರುತ್ತಾರೆ. ಟಪಾಲು ಗುಮಾಸ್ತರ ಕೈಗೇ ಕೊಟ್ಟು ನಿನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೋ. ಎಷ್ಟು ಹಾಳೆ ಎಂದು ಅವರ ಕೈಯಲ್ಲೇ ಬರೆಸು, ನಾಚಿಕೊಳ್ಳಬೇಡ.

ಹೊತ್ತು ಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ. ಮುಂದೊಂದು ದಿನ ನಿನ್ನ ಮೇಜಿನ ಮುಂದೆ ಬಂದು ನಿಂತವರು ಯಾರೂ ಅತ್ತುಕೊಂಡು ಹಿಂದಿರುಗದಿರಲಿ.

ನಿನ್ನ
ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲಾಗದ್ದು. ಆ ಅರ್ಜಿಗಳ ಪಟ್ಟಿ ಮಾಡಿದವಳು ನಾನೇ. ನನ್ನನ್ನು ಖಾಯಂ ಮಾಡುವ ಕಡತ ಆ ವಾರ ಸಾಹೇಬರ ಮೇಜಿನ ಮೇಲಿತ್ತು. ಅರ್ಜಿಗಳ ಕಟ್ಟು ಕೊಡುತ್ತಾ, "ಇದ್ರಲ್ಲಿ ನಿಮ್ಮೋರು ಯಾರೂ ಇಲ್ವಲ್ಲಮ್ಮ?" ಅಂದರು. "ಇಲ್ಲ ಸರ್," ಅಂದೆ. ಆಗ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ನಿನ್ನದು ಕೈಗೆ ಬಂತು. ಎದ್ದು ಹೋಗಿ ಹೇಳಿದ್ದರೆ ಕಟ್ಟು ಬೇರೆಯವರ ಮೇಜಿಗೆ ಹೋಗುತ್ತಿತ್ತು, ಇನ್ನೇನೂ ಆಗುತ್ತಿರಲಿಲ್ಲ. ನನ್ನನ್ನು ಸುಳ್ಳಿ ಅಂದುಕೊಂಡಾರು ಎಂದು ಹೆದರಿದೆ. ಈ ಕೆಲಸ ಏಕೆ ಬೇಕು ಎಂಬ ಪ್ರಶ್ನೆಗೆ ನೀನು ಉತ್ತರ ಬರೆದ ಹಾಳೆಯನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಒಂದು ಹಾಳೆ ಕಡಿಮೆಯಿದ್ದರೂ ಅರ್ಜಿ ಅಪೂರ್ಣ. ಅಪೂರ್ಣ ಅರ್ಜಿಗಳಿಗೆ ನಾವು ಉತ್ತರ ಬರೆಯುವುದಿಲ್ಲ. ನಿನ್ನನ್ನು ಯಾರೂ ಬೇಡ ಅನ್ನಲಿಲ್ಲ ಗುಂಡಾ, ಯಾರೂ ಓದಲೇ ಇಲ್ಲ.

ನಾನೊಬ್ಬಳೇ ಓದಿದೆ. ಅಪ್ಪನಿಗೆ ಗೊತ್ತಿಲ್ಲ. ಸಾಹೇಬರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಖಾಯಂ ಆದೇಶ ಕೈಗೆ ಬಂದು ಎರಡು ತಿಂಗಳಾಯಿತು. ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಎರಡನ್ನೂ ಸಾಹೇಬರಿಗೆ ಕಳಿಸಬೇಕೆನಿಸಿದರೆ ಕಳಿಸು, ಕಾಗದದಲ್ಲಿ ನನ್ನ ಕೈಬರಹವಿದೆ. ಕಾಲೇಜು ಮಾತ್ರ ಬಿಡಬೇಡ. ನೀನು ಬರೆದದ್ದು ನಿನಗೇ ಮರೆತಿರಬಹುದು: "ಇದೇ ಕಚೇರಿಯ ಮೂರನೇ ಮೇಜಿನಲ್ಲಿ ನನ್ನ ಅಕ್ಕ ಕೂರುತ್ತಾಳೆ. ಬಾಗಿಲು ಹಾಕುವ ಹೊತ್ತಿಗೆ ಬಂದ ಅಜ್ಜಿಯೊಬ್ಬಳನ್ನು ಕೂರಿಸಿಕೊಂಡು ಅವಳ ಅರ್ಜಿ ಬರೆದುಕೊಟ್ಟದ್ದನ್ನು ನಾನು ನೋಡಿದ್ದೇನೆ. ನಾನೂ ಅವಳ ಹಾಗೆ ಆಗಬೇಕು."